ಕಾರಿನ ಫ್ರಿಜ್‌ಗೆ ಬಿಸಿಲಿನ ಕರೆಂಟ್

ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನಿಂದ ಕಾರಿನಲ್ಲಿ ಹೊರಟು ಹಂಪಿ, ಬಾದಾಮಿ, ಪಟ್ಟದಕಲ್ಲು ಸುತ್ತುವವರ ಥರ್ಮೋಕೋಲ್ ಪೆಟ್ಟಿಗೆಯ ಐಸು ಮರುದಿನ ಮಧ್ಯಾಹ್ನಕ್ಕೆಲ್ಲ ನೀರಾಗಿರುತ್ತದೆ. ಹಾಲು ಒಡೆದರೆ ಚೆಲ್ಲಿ ಬೇರೆ ತರಬಹುದು. ಆದರೆ ಜೊತೆಗೆ ಬಂದ ಅಜ್ಜಿಯ ಇನ್ಸುಲಿನ್ ಬಿಸಿಗೆ ಸತ್ವ ಕಳೆದುಕೊಂಡರೆ ಅದು ಕಣ್ಣಿಗೆ ಕಾಣುವುದಿಲ್ಲ. ಇಂಥ ಪ್ರವಾಸಗಳಿಗೆಂದೇ ಬಂದಿರುವುದು ಡಿಕ್ಕಿಯಲ್ಲಿ ಕೂರುವ, 12 ವೋಲ್ಟ್ ಬ್ಯಾಟರಿಯಿಂದ ಓಡುವ ಪೆಟ್ಟಿಗೆ ಫ್ರಿಜ್. ಆಸ್ಟ್ರೇಲಿಯದ ಒಳನಾಡಿನಲ್ಲಿ, ದಕ್ಷಿಣ ಆಫ್ರಿಕದಲ್ಲಿ ದೂರ ಪ್ರಯಾಣ ಮಾಡುವವರು ಬಹುಕಾಲದಿಂದ ಬಳಸುತ್ತಿರುವ ಈ ಪೆಟ್ಟಿಗೆ ಈಗ ನಮ್ಮಲ್ಲೂ ಸುಲಭವಾಗಿ ಸಿಗುತ್ತದೆ. ಅದಕ್ಕೊಂದು ಸೋಲಾರ್ ಪ್ಯಾನೆಲ್, ಒಂದು ಬ್ಯಾಟರಿ ಜೋಡಿಸಿದರೆ ಕರೆಂಟಿಲ್ಲದ ಜಾಗದಲ್ಲೂ ದಿನಗಟ್ಟಲೆ ತಂಪು ಉಳಿಸಿಕೊಳ್ಳಬಹುದು.

ಆದರೂ ಇದನ್ನು ಕೊಂಡ ಅನೇಕರು ನಡುರಾತ್ರಿ ಫ್ರಿಜ್ ನಿಂತುಹೋಯಿತೆಂದು ದೂರುತ್ತಾರೆ. ಪ್ಯಾನೆಲ್ ಸಾಲದೆಂದು ಇನ್ನೊಂದು ಪ್ಯಾನೆಲ್ ತರುತ್ತಾರೆ. ನನ್ನ ತಿಳಿವಳಿಕೆಯಲ್ಲಿ ತಪ್ಪು ಹೆಚ್ಚಾಗಿ ಪ್ಯಾನೆಲ್‌ನಲ್ಲಿ ಇರುವುದಿಲ್ಲ. ಪೆಟ್ಟಿಗೆಯೊಳಗೆ ನುಗ್ಗುವ ಶಾಖದಲ್ಲಿ ಇರುತ್ತದೆ, ಇಲ್ಲವೇ ಬ್ಯಾಟರಿಯಿಂದ ಫ್ರಿಜ್‌ಗೆ ಎಳೆದ ತೆಳುವಾದ ವೈರಿನಲ್ಲಿ ಇರುತ್ತದೆ. ದುಡ್ಡು ಹಾಕುವ ಮೊದಲು ಈ ಎರಡನ್ನು ಅರಿತುಕೊಂಡರೆ ಅರ್ಧ ಖರ್ಚು ಉಳಿಯುತ್ತದೆ.

ಯಾವ ಪೆಟ್ಟಿಗೆ?

ಅಂಗಡಿಯಲ್ಲಿ ಮೂರು ಬಗೆಯವು ಒಂದೇ ಹೆಸರಿನಲ್ಲಿ ಸಿಗುತ್ತವೆ. ಹೊರಗಿನಿಂದ ನೋಡಿದರೆ ವ್ಯತ್ಯಾಸ ತಿಳಿಯದು.

ಎಲ್ಲಕ್ಕಿಂತ ಅಗ್ಗದ್ದು ಪೆಲ್ಟಿಯರ್ ಬಗೆಯದು. ಎರಡು ಬೇರೆ ಬೇರೆ ವಾಹಕಗಳನ್ನು ಕೂಡಿಸಿ ವಿದ್ಯುತ್ ಹರಿಸಿದರೆ ಒಂದು ಬೆಸುಗೆ ತಣ್ಣಗಾಗುತ್ತದೆ, ಇನ್ನೊಂದು ಬಿಸಿಯಾಗುತ್ತದೆ ಎಂಬುದನ್ನು ಫ್ರಾನ್ಸಿನ ಪೆಲ್ಟಿಯರ್ 1834ರಲ್ಲಿ ಕಂಡುಕೊಂಡ. ಅದೇ ತತ್ತ್ವದ ಮೇಲೆ, ವಿದ್ಯುತ್ ಸರಿಯಾಗಿಲ್ಲದ ಮನೆಗಳನ್ನು ನೆನೆದು ಗೋದ್ರೆಜ್ ಕಂಪನಿ ‘ಛೋಟುಕೂಲ್’ ಎಂಬ, ಮೇಲಿನಿಂದ ತೆರೆಯುವ ಹಗುರ ಪೆಟ್ಟಿಗೆಯನ್ನು ಮಾಡಿತ್ತು. ಇದರಲ್ಲಿ ಕಂಪ್ರೆಸರ್ ಇಲ್ಲ, ಗ್ಯಾಸ್ ಇಲ್ಲ, ಸದ್ದೂ ಕಡಿಮೆ. ಆದರೆ ಹೊರಗಿನ ಬಿಸಿಗಿಂತ ಸುಮಾರು 20 ಡಿಗ್ರಿ ಮಾತ್ರ ಕೆಳಗಿಳಿಯಬಲ್ಲದು. ಹೊರಗೆ 38 ಇದ್ದರೆ ಒಳಗೆ 18. ಅಷ್ಟಕ್ಕೇ ಬಿಡುವಿಲ್ಲದೆ ನಾಲ್ಕೈದು ಆಂಪಿಯರ್ ಎಳೆಯುತ್ತಲೇ ಇರುತ್ತದೆ. ಸೋಲಾರ್‌ಗೆ ಇದು ಆಗಿಬರುವುದಿಲ್ಲ.

ಎರಡನೆಯದು ಹೀರುವಿಕೆಯ ಫ್ರಿಜ್. ಗ್ಯಾಸ್ ಸಿಲಿಂಡರ್, 12 ವೋಲ್ಟ್, ಮನೆಯ 230 ವೋಲ್ಟ್ ಮೂರರಲ್ಲೂ ಓಡುವ ಇದನ್ನು 1922ರಲ್ಲಿ ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು, ಫಾನ್ ಪ್ಲಾಟನ್ ಮತ್ತು ಮುಂಟರ್ಸ್, ರೂಪಿಸಿದರು. ಶಾಖದಿಂದಲೇ ತಂಪು ಹುಟ್ಟಿಸುವ ಜಾಣ ಯಂತ್ರ, ಗ್ಯಾಸಿನಲ್ಲಿ ಚೆನ್ನಾಗಿ ಓಡುತ್ತದೆ. ಬ್ಯಾಟರಿಗೆ ಹಾಕಿದರೆ ಮಾತ್ರ ಒಳಗಿನ ಹೀಟರ್ 100 ವ್ಯಾಟ್‌ನಷ್ಟು ಸತತವಾಗಿ ನುಂಗುತ್ತದೆ. ನೆಲ ಸಮತಟ್ಟಾಗಿರಬೇಕೆಂಬ ಹಟವೂ ಇದಕ್ಕಿದೆ.

ನಮಗೆ ಬೇಕಾದದ್ದು ಮೂರನೆಯದು, ಕಂಪ್ರೆಸರ್ ಇರುವುದು. ಮನೆಯ ಫ್ರಿಜ್‌ನ ಹಾಗೆಯೇ ಇಲ್ಲೂ ಗ್ಯಾಸನ್ನು ಒತ್ತಿ ಬಿಸಿ ಮಾಡಿ, ಆ ಬಿಸಿಯನ್ನು ಹೊರಗೆ ಬಿಟ್ಟು, ದ್ರವವಾದದ್ದನ್ನು ಸಣ್ಣ ಕೊಳವೆಯ ಮೂಲಕ ಒಳಗೆ ಹಾಯಿಸಿ ಆವಿಯಾಗಲು ಬಿಡುತ್ತಾರೆ. ಆವಿಯಾಗುವಾಗ ಅದು ಪೆಟ್ಟಿಗೆಯ ಶಾಖವನ್ನು ಹೀರಿಕೊಳ್ಳುತ್ತದೆ. ವ್ಯತ್ಯಾಸವಿರುವುದು ಮೋಟಾರಿನಲ್ಲಿ. ನಿಮಿಷಕ್ಕೆ 2000ದಿಂದ 3500 ಸುತ್ತಿನವರೆಗೆ ಬೇಕಾದ ವೇಗದಲ್ಲಿ ತಿರುಗುವ, ನೇರವಾಗಿ 12 ಅಥವಾ 24 ವೋಲ್ಟ್‌ನಲ್ಲಿ ಓಡುವ ಡ್ಯಾನ್‌ಫಾಸ್ ಕಂಪನಿಯ ಬಿಡಿ35 ಕಂಪ್ರೆಸರ್ ಈ ಬಗೆಯ ಫ್ರಿಜ್‌ಗಳಿಗೆ ಹೆಸರುವಾಸಿ. ಈಗ ಅದು ಸೆಕಾಪ್ ಹೆಸರಿನಲ್ಲಿ ಬರುತ್ತದೆ. ಜಪಾನಿನ ಎಂಗೆಲ್ ಪೆಟ್ಟಿಗೆಗಳದ್ದು ಬೇರೆಯೇ ಬಗೆಯ, ಹಿಂದೆ ಮುಂದೆ ಆಡುವ ಮೋಟಾರು. ಚೀನಾದಲ್ಲಿ ತಯಾರಾಗುವ ಅಗ್ಗದ ಪೆಟ್ಟಿಗೆಗಳೂ ಇಂದು ಸಾಕಷ್ಟು ಚೆನ್ನಾಗಿವೆ. ಕೊಳ್ಳುವಾಗ ಕಂಪ್ರೆಸರ್ ಹೆಸರಿನಷ್ಟೇ ಮುಖ್ಯವಾಗಿ ಗೋಡೆಯ ದಪ್ಪವನ್ನು ನೋಡಿ. ಒಳಗಿನ ಜಾಗ ದೊಡ್ಡದಾಗಲೆಂದು ಗೋಡೆಯನ್ನು ತೆಳುಮಾಡಿದ ಪೆಟ್ಟಿಗೆ ಜೀವನಪೂರ್ತಿ ಬ್ಯಾಟರಿಯನ್ನು ಹಿಂಡುತ್ತದೆ.

ದಿನಕ್ಕೆ ಎಷ್ಟು ತಿನ್ನುತ್ತದೆ?

ಕರೆಂಟ್ ಬಿಲ್ಲಿನಲ್ಲಿ ನಾವು ಕಾಣುವ ಒಂದು ಯೂನಿಟ್ ಎಂದರೆ 1000 ವ್ಯಾಟ್-ಗಂಟೆ. ಈ ಲೆಕ್ಕ ಒಂದು ಕೈಲಿದ್ದರೆ ಉಳಿದದ್ದೆಲ್ಲ ಕೂಡುವುದು, ಕಳೆಯುವುದು ಅಷ್ಟೇ.

40 ಲೀಟರಿನ ಪೆಟ್ಟಿಗೆಯನ್ನು ತೆಗೆದುಕೊಳ್ಳೋಣ. ಕಂಪ್ರೆಸರ್ ಓಡುವಾಗ 50 ವ್ಯಾಟ್‌ನಷ್ಟು ಎಳೆಯುತ್ತದೆ. ಆದರೆ ದಿನವಿಡೀ ಓಡುವುದಿಲ್ಲ. ಒಳಗೆ 4 ಡಿಗ್ರಿ ಮುಟ್ಟಿದೊಡನೆ ನಿಲ್ಲುತ್ತದೆ, ಸ್ವಲ್ಪ ಏರಿದರೆ ಮತ್ತೆ ಶುರುವಾಗುತ್ತದೆ. ನೆರಳಿನಲ್ಲಿ, ಹಗಲು 32 ಡಿಗ್ರಿ ರಾತ್ರಿ 24 ಡಿಗ್ರಿ ಇರುವ ಕಡೆ ಒಟ್ಟು ಸಮಯದ ಮೂರನೇ ಒಂದು ಭಾಗ ಓಡುತ್ತದೆ ಎಂದಿಟ್ಟುಕೊಂಡರೆ ಎಂಟು ಗಂಟೆ. ಅಂದರೆ 400 ವ್ಯಾಟ್-ಗಂಟೆ. ಅರ್ಧ ಯೂನಿಟ್‌ಗಿಂತಲೂ ಕಡಿಮೆ! ಮೊಬೈಲ್ ಚಾರ್ಜಿಗೆ, ಎಲ್‌ಇಡಿ ದೀಪಕ್ಕೆ ಇನ್ನೊಂದು 100 ಸೇರಿಸಿ, ದಿನಕ್ಕೆ 500 ವ್ಯಾಟ್-ಗಂಟೆ ಎಂದುಕೊಳ್ಳೋಣ. ಮೀನು, ಮಾಂಸ ಹೆಪ್ಪುಗಟ್ಟಿಸಲು ಮೈನಸ್ 18ಕ್ಕೆ ಇಳಿಸಿದರೆ ಫ್ರಿಜ್‌ನ ಪಾಲು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ.

ಈ 400 ಎಂಬುದು ಕಲ್ಲಿನಲ್ಲಿ ಕೊರೆದ ಅಂಕಿಯಲ್ಲ. ಬಿಸಿಲಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನ ಒಳಗೆ 50 ಡಿಗ್ರಿ ದಾಟುತ್ತದೆ. ಅದರೊಳಗಿನ ಫ್ರಿಜ್ ಹೆಚ್ಚುಕಡಿಮೆ ನಿಲ್ಲದೆ ಓಡುತ್ತದೆ, ಆ ದಿನದ ಲೆಕ್ಕ 800 ಆಗಬಹುದು. ಅದೇ ಪೆಟ್ಟಿಗೆಯನ್ನು ಕೆಳಗಿಳಿಸಿ ಹುಣಸೆ ಮರದ ನೆರಳಿನಲ್ಲಿಟ್ಟು, ಬಿಸಿಗಾಳಿ ಹೊರಬರುವ ಜಾಲರಿಯ ಮುಂದೆ ಒಂದು ಗೇಣು ಜಾಗ ಬಿಟ್ಟು, ಮೇಲೊಂದು ದಪ್ಪ ಜಮಖಾನ ಹೊದಿಸಿದರೆ 300ಕ್ಕೆ ಇಳಿಯಬಹುದು. ಜಾಲರಿ ಮಾತ್ರ ಮುಚ್ಚಬಾರದು. ಒಂದು ರೂಪಾಯಿ ಖರ್ಚಿಲ್ಲದೆ ಸಿಗುವ ಈ ಉಳಿತಾಯ ನೂರು ವ್ಯಾಟ್‌ನ ಪ್ಯಾನೆಲ್ ದಿನವಿಡೀ ದುಡಿದು ಕೊಡುವುದಕ್ಕಿಂತ ಹೆಚ್ಚಿನದು.

ಒಳಗೆ ಏನನ್ನು ಹಾಕುತ್ತೀರಿ ಎಂಬುದೂ ಅಷ್ಟೇ ಮುಖ್ಯ. ಹತ್ತು ಲೀಟರ್ ನೀರಿನ ಬಾಟಲಿಗಳನ್ನು 30 ಡಿಗ್ರಿಯಿಂದ 5 ಡಿಗ್ರಿಗೆ ತರಲು ಅದರಿಂದ ಸುಮಾರು 290 ವ್ಯಾಟ್-ಗಂಟೆಯಷ್ಟು ಶಾಖವನ್ನು ಹೊರಹಾಕಬೇಕು. ಅದಕ್ಕೆ ಬ್ಯಾಟರಿಯಿಂದ ಇನ್ನೂರರ ಆಸುಪಾಸು ಹೋಗುತ್ತದೆ, ಅಂದರೆ ಅರ್ಧ ದಿನದ ಪಡಿ. ಆದ್ದರಿಂದ ಹೊರಡುವ ಹಿಂದಿನ ರಾತ್ರಿಯೇ ಪೆಟ್ಟಿಗೆಯನ್ನು ಮನೆಯ ಪ್ಲಗ್ಗಿಗೆ ಹಾಕಿ ತಣ್ಣಗಾಗಿಸಿ, ಹಾಲು, ಮೊಸರು, ನೀರು ಎಲ್ಲವನ್ನೂ ಮನೆಯ ಫ್ರಿಜ್‌ನಿಂದಲೇ ಅದಕ್ಕೆ ವರ್ಗಾಯಿಸಿ. ನಾಲ್ಕು ಲೀಟರ್ ನೀರನ್ನು ಬಾಟಲಿಗಳಲ್ಲಿ ಐಸು ಮಾಡಿ ತಳದಲ್ಲಿಟ್ಟರೆ ಇನ್ನೂ ಒಳ್ಳೆಯದು. ಒಂದು ಕಿಲೋ ಐಸು ಕರಗಲು 93 ವ್ಯಾಟ್-ಗಂಟೆ ಶಾಖ ಬೇಕು. ನಾಲ್ಕು ಕಿಲೋ ಸೇರಿ 370. ಇದು ಬೆಸ್ಕಾಂ ಕರೆಂಟಿನಲ್ಲಿ ಕೂಡಿಟ್ಟು ತಂದ ತಂಪು. ಬಿಸಿ ಸಾಂಬಾರಿನ ಪಾತ್ರೆಯನ್ನು ನೇರವಾಗಿ ಒಳಗಿಡುವ ಅಭ್ಯಾಸವಿದ್ದರೆ ಪ್ರವಾಸದಲ್ಲಿ ದಯವಿಟ್ಟು ಬಿಡಿ.

ಪ್ಯಾನೆಲ್: ಬಿಸಿಲು ಬೇಕು, ಕಾವು ಬೇಡ

ಪ್ಯಾನೆಲ್ ಮೇಲೆ 100 ವ್ಯಾಟ್ ಎಂದು ಮುದ್ರಿಸಿರುವುದು ಪ್ರಯೋಗಾಲಯದ ಮಾತು. ಚದರ ಮೀಟರಿಗೆ 1000 ವ್ಯಾಟ್ ಬೆಳಕು ಬೀಳುತ್ತಿರಬೇಕು, ಪ್ಯಾನೆಲ್‌ನ ಒಡಲು 25 ಡಿಗ್ರಿಯಲ್ಲೇ ಇರಬೇಕು, ಆಗ 100. ರಾಯಚೂರಿನ ಏಪ್ರಿಲ್ ಮಧ್ಯಾಹ್ನ ಬೆಳಕೇನೋ ಧಾರಾಳ, ಆದರೆ ಪ್ಯಾನೆಲ್ 65 ಡಿಗ್ರಿಗೆ ಕಾದಿರುತ್ತದೆ. 25ರ ಮೇಲೆ ಏರಿದ ಪ್ರತಿ ಡಿಗ್ರಿಗೂ ಶೇಕಡಾ 0.4ರಷ್ಟು ಶಕ್ತಿ ಇಳಿಯುವುದರಿಂದ ಅಲ್ಲೇ ಶೇಕಡಾ 16 ಹೋಯಿತು. ಧೂಳು, ವೈರಿನ ನಷ್ಟ, ಬ್ಯಾಟರಿಗೆ ತುಂಬುವಾಗಿನ ನಷ್ಟ ಎಲ್ಲ ಕಳೆದು ಶೇಕಡಾ 70 ಕೈಗೆ ಬರುತ್ತದೆ ಎಂದು ನಂಬಿದರೆ ಮೋಸ ಹೋಗುವುದಿಲ್ಲ.

ಕರ್ನಾಟಕದ ಬಹುಭಾಗದಲ್ಲಿ ವರ್ಷದ ಸರಾಸರಿಯಲ್ಲಿ ದಿನಕ್ಕೆ ಐದು ಗಂಟೆಯ ‘ಪೂರ್ಣ ಬಿಸಿಲು’ ಸಿಗುತ್ತದೆ. ಬೆಳಗಿನ, ಸಂಜೆಯ ಎಳೆ ಬಿಸಿಲನ್ನೆಲ್ಲ ಒಟ್ಟುಮಾಡಿ ನಡುಹಗಲ ಬಿಸಿಲಿಗೆ ಹೊಂದಿಸಿದ ಲೆಕ್ಕ ಇದು. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಎದ್ದದ್ದು ಮಳೆ ಕಡಿಮೆಯ, ಬಿಸಿಲು ಹೇರಳವಾದ ನೆಲವೆಂಬ ಕಾರಣಕ್ಕೆ. ಹಾಗಾದರೆ 100 ವ್ಯಾಟ್ ಪ್ಯಾನೆಲ್ ದಿನಕ್ಕೆ ಕೊಡುವುದು 100 × 5 × 0.7, ಅಂದರೆ 350 ವ್ಯಾಟ್-ಗಂಟೆ. ನಮ್ಮ 500ಕ್ಕೆ 150 ವ್ಯಾಟ್ ಅಂಚಿನಲ್ಲಿ ಸಾಕು, 200 ಇದ್ದರೆ ನೆಮ್ಮದಿ.

ಕ್ಯಾಂಪಿನ ನಿಜವಾದ ಇಕ್ಕಟ್ಟು ಬೇರೆ. ಪ್ಯಾನೆಲ್‌ಗೆ ಬಿಸಿಲು ಬೇಕು, ಫ್ರಿಜ್‌ಗೆ ನೆರಳು ಬೇಕು. ಕಾರಿನ ಛಾವಣಿಗೆ ಪ್ಯಾನೆಲ್ ಅಂಟಿಸಿದವರು ಅದಕ್ಕಾಗಿ ಕಾರನ್ನು ಬಿಸಿಲಿನಲ್ಲೇ ನಿಲ್ಲಿಸಬೇಕಾಗುತ್ತದೆ. ಒಳಗೆ ಕಾದ ಫ್ರಿಜ್ ಗಳಿಸಿದ್ದನ್ನೆಲ್ಲ ತಿನ್ನುತ್ತದೆ. ಆದ್ದರಿಂದ ಒಂದೆಡೆ ಎರಡು ದಿನ ತಂಗುವವರಿಗೆ ನಾನು ಹೇಳುವುದು ಬಿಡಿ ಪ್ಯಾನೆಲ್. ಕಾರು ಮರದಡಿ ಇರಲಿ, ಪ್ಯಾನೆಲ್ ಹತ್ತು ಮೀಟರ್ ದೂರದ ಬಯಲಲ್ಲಿರಲಿ, ಹಿಂಬದಿಗೆ ಗಾಳಿಯಾಡುವಂತೆ ಎತ್ತಿ ನಿಲ್ಲಿಸಿರಲಿ. ದಿನಕ್ಕೆ ಎರಡು ಮೂರು ಸಲ ಸೂರ್ಯನ ಕಡೆ ತಿರುಗಿಸಿದರೆ ಸಿಗುವ ಲಾಭ ಕಣ್ಣಿಗೆ ಕಾಣುವಷ್ಟು. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೂ ಆಗಸ್ಟ್ 18ರ ಸುಮಾರಿಗೂ ಸೂರ್ಯ ನಡುನೆತ್ತಿಗೆ ಬರುತ್ತಾನೆ. ಆ ದಿನಗಳಲ್ಲಿ ಪ್ಯಾನೆಲ್ ಮಲಗಿಸಿದರೂ ನಷ್ಟವಿಲ್ಲ. ಡಿಸೆಂಬರ್‌ನಲ್ಲಿ ಮಾತ್ರ ನಡುಹಗಲಲ್ಲೂ ಸೂರ್ಯ ದಕ್ಷಿಣಕ್ಕೆ ಇಳಿದಿರುತ್ತಾನೆ, ಮಲಗಿಸಿದ ಪ್ಯಾನೆಲ್ ಐದರಲ್ಲೊಂದು ಪಾಲು ಕಳೆದುಕೊಳ್ಳುತ್ತದೆ. ಆಗ ದಕ್ಷಿಣಕ್ಕೆ ಮುಖಮಾಡಿ 30 ಡಿಗ್ರಿಗೂ ಮೀರಿ ಎತ್ತಿ ನಿಲ್ಲಿಸಬೇಕು.

ನೆರಳಿನ ವಿಷಯದಲ್ಲಿ ಪ್ಯಾನೆಲ್ ತುಂಬ ನಾಜೂಕು. ಒಳಗಿನ 36 ಸೆಲ್‌ಗಳು ಒಂದರ ಹಿಂದೊಂದು ಪೋಣಿಸಿದಂತಿರುವುದರಿಂದ ಒಂದೇ ಸೆಲ್ಲಿನ ಮೇಲೆ ತೆಂಗಿನ ಗರಿಯ ನೆರಳು ಬಿದ್ದರೂ ಇಡೀ ಸಾಲಿನ ಹರಿವು ಕುಗ್ಗುತ್ತದೆ. ಹತ್ತನೇ ಒಂದು ಭಾಗ ನೆರಳಾದರೆ ಹತ್ತನೇ ಒಂದು ಭಾಗ ನಷ್ಟವೆಂದು ಅಂದುಕೊಳ್ಳಬೇಡಿ, ಅರ್ಧವೇ ಹೋಗಬಹುದು.

ನಡುವೆ ಕೂರುವ ಕಂಟ್ರೋಲರ್

ಪ್ಯಾನೆಲ್ಲನ್ನು ನೇರವಾಗಿ ಬ್ಯಾಟರಿಗೆ ಕಟ್ಟಿದರೆ ಬ್ಯಾಟರಿ ಅತಿಯಾಗಿ ತುಂಬಿ ಹಾಳಾಗುತ್ತದೆ. ಅದನ್ನು ತಡೆಯಲು ಚಾರ್ಜ್ ಕಂಟ್ರೋಲರ್ ಬೇಕು. ಇದರಲ್ಲಿ ಎರಡು ಬಗೆ: ಪಿಡಬ್ಲ್ಯುಎಂ ಮತ್ತು ಎಂಪಿಪಿಟಿ. ‘12 ವೋಲ್ಟ್ ಪ್ಯಾನೆಲ್’ ಎಂದು ಮಾರುವ ಪ್ಯಾನೆಲ್ ವಾಸ್ತವವಾಗಿ 18 ವೋಲ್ಟ್‌ನಲ್ಲಿ ತನ್ನ ಪೂರ್ತಿ ಶಕ್ತಿ ಕೊಡುತ್ತದೆ. ಪಿಡಬ್ಲ್ಯುಎಂ ಅದನ್ನು ಬ್ಯಾಟರಿಯ 13 ವೋಲ್ಟ್‌ಗೆ ಎಳೆದು ತರುವುದರಿಂದ 100 ವ್ಯಾಟ್‌ನಲ್ಲಿ 72 ದಕ್ಕುತ್ತದೆ. ಎಂಪಿಪಿಟಿ ಹೆಚ್ಚಿನ ವೋಲ್ಟೇಜನ್ನು ಆಂಪಿಯರ್ ಆಗಿ ಬದಲಿಸಿಕೊಂಡು ಹೆಚ್ಚುಕಡಿಮೆ ಎಲ್ಲವನ್ನೂ ಉಳಿಸುತ್ತದೆ.

ಒಂದು ಸಣ್ಣ ಪ್ಯಾನೆಲ್‌ಗೆ ಈ ವ್ಯತ್ಯಾಸವನ್ನು ಸಹಿಸಿಕೊಳ್ಳಬಹುದು. ಆದರೆ ನಮ್ಮಲ್ಲಿ ವ್ಯಾಟ್ ಲೆಕ್ಕದಲ್ಲಿ ಅಗ್ಗವಾಗಿ ಸಿಗುವುದು ಮನೆಯ ತಾರಸಿಗೆ ಹಾಕುವ ದೊಡ್ಡ ಪ್ಯಾನೆಲ್. 330 ವ್ಯಾಟ್‌ನದ್ದು 37 ವೋಲ್ಟ್ ಸುಮಾರಿನಲ್ಲಿ, ಒಂಬತ್ತು ಆಂಪಿಯರ್ ಹತ್ತಿರ ಕೆಲಸ ಮಾಡುತ್ತದೆ. ವ್ಯಾನಿನ ಮೇಲೋ ತೋಟದ ಮನೆಯಲ್ಲೋ ಅದನ್ನು ಪಿಡಬ್ಲ್ಯುಎಂ ಮೂಲಕ 12 ವೋಲ್ಟ್ ಬ್ಯಾಟರಿಗೆ ಕಟ್ಟಿದರೆ 115 ವ್ಯಾಟ್ ಬಂದೀತು, ಮೂರರಲ್ಲಿ ಎರಡು ಪಾಲು ವ್ಯರ್ಥ. ಅಲ್ಲಿ ಎಂಪಿಪಿಟಿಯೇ ಬೇಕು, ಮತ್ತು ಅದು ತಡೆಯಬಲ್ಲ ಗರಿಷ್ಠ ವೋಲ್ಟೇಜ್ ಪ್ಯಾನೆಲ್‌ನ ಖಾಲಿ ವೋಲ್ಟೇಜಿಗಿಂತ (ಏನನ್ನೂ ಜೋಡಿಸದಿದ್ದಾಗ ಅದು ತೋರಿಸುವ ವೋಲ್ಟೇಜ್) ಮೇಲಿರಬೇಕು. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಕಳಚುವಾಗ ಮೊದಲು ಪ್ಯಾನೆಲ್. ಈ ಕ್ರಮ ತಪ್ಪಿದರೆ ಕೆಲವು ಕಂಟ್ರೋಲರ್‌ಗಳು ಸುಟ್ಟೇ ಹೋಗುತ್ತವೆ.

ಬ್ಯಾಟರಿ ಎಂದರೆ ರಾತ್ರಿ ಮತ್ತು ಮೋಡ

ಸಂಜೆ ನಾಲ್ಕೂವರೆಯಿಂದ ಬೆಳಗ್ಗೆ ಎಂಟೂವರೆಯವರೆಗೆ ಪ್ಯಾನೆಲ್‌ನಿಂದ ಹೇಳಿಕೊಳ್ಳುವಂಥದ್ದು ಬರುವುದಿಲ್ಲ. ಆ ಹದಿನಾರು ಗಂಟೆಗೆ 300 ವ್ಯಾಟ್-ಗಂಟೆ, ಮೋಡ ಕವಿದ ಒಂದು ಪೂರ್ತಿ ದಿನಕ್ಕೆ 500, ಒಟ್ಟು 800 ಬ್ಯಾಟರಿಯಲ್ಲಿರಬೇಕು.

ಕಾರಿನ ಬ್ಯಾಟರಿಯನ್ನೇ ಬಳಸಬಹುದಲ್ಲ ಎನ್ನುವವರಿದ್ದಾರೆ. ಅದು ಎಂಜಿನ್ ಸ್ಟಾರ್ಟ್ ಮಾಡಲು ಕ್ಷಣಕಾಲ ನೂರಾರು ಆಂಪಿಯರ್ ಕೊಡುವುದಕ್ಕೆಂದು ತೆಳುವಾದ ಫಲಕಗಳಿಂದ ಮಾಡಿದ್ದು. ರಾತ್ರಿಯಿಡೀ ನಿಧಾನವಾಗಿ ಹಿಂಡಿದರೆ ಕೆಲವೇ ಸಲಕ್ಕೆ ಸೊರಗುತ್ತದೆ, ಬೆಳಗ್ಗೆ ಕಾರೂ ಸ್ಟಾರ್ಟ್ ಆಗುವುದಿಲ್ಲ. ಮನೆಯ ಇನ್ವರ್ಟರಿನ ಟ್ಯೂಬ್ಯುಲರ್ ಬ್ಯಾಟರಿ ಈ ಕೆಲಸಕ್ಕೆ ಗಟ್ಟಿ. ಆದರೆ 150 ಆಂಪಿಯರ್-ಗಂಟೆಯದು 50 ಕಿಲೋ ದಾಟುತ್ತದೆ, ಆಯುಸ್ಸು ಉಳಿಯಬೇಕಾದರೆ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡುವಂತಿಲ್ಲ. ಹಾಗಾಗಿ ಬಳಕೆಗೆ ಸಿಗುವುದು 900 ವ್ಯಾಟ್-ಗಂಟೆ. ಆಸಿಡ್ ಇದೆ, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ತೋಟದ ಮನೆಯ ಜಗುಲಿಗೆ ಸರಿ, ಮಕ್ಕಳು ಮಲಗುವ ಕಾರಿನೊಳಗೆ ಖಂಡಿತ ಬೇಡ.

ಪ್ರಯಾಣಕ್ಕೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯೇ ಸೂಕ್ತ. 100 ಆಂಪಿಯರ್-ಗಂಟೆಯದರಲ್ಲಿ 1280 ವ್ಯಾಟ್-ಗಂಟೆ ಇರುತ್ತದೆ, ಅದರಲ್ಲಿ ಸಾವಿರಕ್ಕೂ ಮೇಲೆ ನಿಶ್ಚಿಂತೆಯಿಂದ ಬಳಸಬಹುದು, ತೂಕ ಹನ್ನೆರಡು ಕಿಲೋ ಆಸುಪಾಸು. ಸಾವಿರಾರು ಸಲ ತುಂಬಿ ಖಾಲಿ ಮಾಡಬಹುದು. ಆದರೆ ಇದರ ವೋಲ್ಟೇಜ್ ನೋಡಿ ಎಷ್ಟು ಉಳಿದಿದೆ ಎಂದು ಹೇಳಲಾಗದು. ಸೀಸದ ಬ್ಯಾಟರಿ ತುಂಬಿದಾಗ 12.7, ಅರ್ಧವಾದಾಗ 12.2 ಎಂದು ತೋರಿಸುತ್ತದೆ. ಲಿಥಿಯಂನದು ಮುಕ್ಕಾಲು ಖಾಲಿಯಾಗುವವರೆಗೂ 13ರ ಆಸುಪಾಸಿನಲ್ಲೇ ನಿಂತಿರುತ್ತದೆ. ಹಾಗಾಗಿ ಹೋದ ಬಂದ ಆಂಪಿಯರ್‌ಗಳನ್ನು ಎಣಿಸುವ ಒಂದು ಶಂಟ್ ಮೀಟರ್ ಹಾಕಿಸಿ. ಇನ್ನೊಂದು ಎಚ್ಚರಿಕೆ ಲಡಾಖ್, ಸ್ಪಿತಿ ಕಡೆಗೆ ಕಾರು ಓಡಿಸಿಕೊಂಡು ಹೋಗುವ ಬೆಂಗಳೂರಿನವರಿಗೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಈ ಬ್ಯಾಟರಿಯನ್ನು ಚಾರ್ಜ್ ಮಾಡಿದರೆ ಒಳಗೆ ಶಾಶ್ವತ ಹಾನಿಯಾಗುತ್ತದೆ. ಒಳ್ಳೆಯ ಬ್ಯಾಟರಿಯೊಳಗಿನ ಕಾವಲು ಸರ್ಕ್ಯೂಟ್, ಅಂದರೆ ಬಿಎಂಎಸ್, ಇದನ್ನು ತಾನೇ ತಡೆಯುತ್ತದೆ. ಹಾಗಿದೆಯೇ ಎಂದು ಕೊಳ್ಳುವಾಗಲೇ ಕೇಳಿ, ರಾತ್ರಿ ಬ್ಯಾಟರಿಯನ್ನು ಕಾರಿನೊಳಗೆ ಬೆಚ್ಚಗಿಡಿ.

ಎಲ್ಲ ಒಂದೇ ಡಬ್ಬದಲ್ಲಿರುವ ‘ಪವರ್ ಸ್ಟೇಷನ್’ ಕೊಳ್ಳುವವರಿಗೂ ಒಂದು ಮಾತು. ಹಲವು ಡಬ್ಬಗಳಲ್ಲಿ, ಸ್ವಲ್ಪ ಹೊತ್ತು ಯಾರೂ ಕರೆಂಟ್ ಎಳೆಯದಿದ್ದರೆ ತಾನಾಗಿ ಆಫ್ ಆಗುವ ಏರ್ಪಾಡಿದೆ. ಫ್ರಿಜ್‌ನ ಕಂಪ್ರೆಸರ್ ವಿಶ್ರಾಂತಿಯಲ್ಲಿದ್ದಾಗ ಡಬ್ಬ ಮಲಗಿಬಿಡುತ್ತದೆ, ಆಮೇಲೆ ಏಳುವುದಿಲ್ಲ. ಸೆಟ್ಟಿಂಗ್‌ನಲ್ಲಿ ಅದನ್ನು ಮೊದಲೇ ತೆಗೆದುಹಾಕಿ.

ಎಲ್ಲರೂ ಕಡೆಗಣಿಸುವ ವೈರು

ಬ್ಯಾಟರಿ ಮುಕ್ಕಾಲು ತುಂಬಿದೆ, ಫ್ರಿಜ್ ಮಾತ್ರ ಕಡಿಮೆ ವೋಲ್ಟೇಜ್ ಎಂಬ ಸೂಚನೆ ತೋರಿಸಿ ನಿಂತಿದೆ. ಈ ದೂರು ಕೇಳಿದೊಡನೆ ನಾನು ಕೇಳುವುದು ವೈರು ಎಷ್ಟು ದಪ್ಪ, ಎಷ್ಟು ಉದ್ದ ಎಂದು. ಹಳ್ಳಿಯವರಿಗೆ ಇದು ಹೊಸದಲ್ಲ: ಟ್ರಾನ್ಸ್‌ಫಾರ್ಮರ್ ಹತ್ತಿರದ ತೋಟದಲ್ಲಿ ಪಂಪ್‌ಸೆಟ್ ಚೆನ್ನಾಗಿ ಓಡುತ್ತದೆ, ಲೈನಿನ ಕೊನೆಯ ತೋಟದಲ್ಲಿ ಮೋಟಾರು ಗುಂಯ್ ಎಂದು ಸುಮ್ಮನಾಗುತ್ತದೆ. ಕಾರಿನೊಳಗೂ ನಡೆಯುವುದು ಅದೇ. 230 ವೋಲ್ಟ್‌ನಲ್ಲಿ ಒಂದು ವೋಲ್ಟ್ ಕಳೆದರೆ ಯಾರಿಗೂ ತಿಳಿಯದು, 12ರಲ್ಲಿ ಒಂದು ಕಳೆದರೆ ಕೆಲಸ ಕೆಡುತ್ತದೆ.

ಬ್ಯಾಟರಿಯಿಂದ ಫ್ರಿಜ್‌ಗೆ ಐದು ಮೀಟರ್, ಹೋಗಿಬರಲು ಹತ್ತು ಮೀಟರ್ ತಾಮ್ರ. ಆಟಿಕೆಯಂಥ ಮುಕ್ಕಾಲು (ಚದರ) ಎಂ.ಎಂ. ವೈರಾದರೆ ಐದು ಆಂಪಿಯರ್ ಹರಿದಾಗ 1.2 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ಬ್ಯಾಟರಿಯಲ್ಲಿ 12.2 ಇದ್ದರೂ ಫ್ರಿಜ್ ಕಾಣುವುದು 11. ಕಂಪ್ರೆಸರ್ ಶುರುವಾಗುವ ಗಳಿಗೆಯಲ್ಲಿ ಇನ್ನೂ ಹೆಚ್ಚು ಎಳೆಯುವುದರಿಂದ ಮತ್ತಷ್ಟು ಕುಸಿಯುತ್ತದೆ. ಬ್ಯಾಟರಿಯನ್ನು ಕಾಪಾಡಲೆಂದು ಫ್ರಿಜ್‌ನಲ್ಲೇ ಒಂದು ಕಾವಲು ಇರುತ್ತದೆ. ಬಿಡಿ35 ಕಂಪ್ರೆಸರಿನ ಸಾಮಾನ್ಯ ಹೊಂದಾಣಿಕೆಯಲ್ಲಿ 10.4 ವೋಲ್ಟ್‌ಗೆ ಇಳಿದರೆ ನಿಲ್ಲುತ್ತದೆ, 11.7ಕ್ಕೆ ಏರಿದ ಮೇಲಷ್ಟೇ ಮತ್ತೆ ಹೊರಡುತ್ತದೆ. ಬ್ಯಾಟರಿ ಖಾಲಿಯಾಗದೆಯೇ ಈ ಕಾವಲು ಬೀಳುವುದು ತೆಳು ವೈರಿನಿಂದ. ವೈರಿಂಗ್‌ನವರು ಎರಡೂವರೆ ಎಂ.ಎಂ. ಎನ್ನುವ ವೈರು ಹಾಕಿದರೆ ಅದೇ ದೂರಕ್ಕೆ ನಷ್ಟ 0.37 ವೋಲ್ಟ್, ನಾಲ್ಕು ಎಂ.ಎಂ. ಹಾಕಿದರೆ 0.23. ಕೆಲವು ನೂರು ರೂಪಾಯಿಯ ಈ ವೈರು ಹೊಸ ಬ್ಯಾಟರಿಯ ಖರ್ಚನ್ನು ತಪ್ಪಿಸುತ್ತದೆ. ಸಿಗರೇಟ್ ಲೈಟರ್ ಸಾಕೆಟ್ ಕೂಡ ಇಂಥದ್ದೇ ದುರ್ಬಲ ಕೊಂಡಿ. ಗುಂಡಿ ರಸ್ತೆಯ ಕುಲುಕಾಟಕ್ಕೆ ಸಡಿಲವಾಗಿ ಬಿಸಿಯಾಗುತ್ತದೆ. ಗಟ್ಟಿಯಾಗಿ ಕಚ್ಚಿಕೊಳ್ಳುವ ಆಂಡರ್ಸನ್ ಪ್ಲಗ್ ಹಾಕಿಸಿ.

ದೂರ ಎಳೆಯಲೇಬೇಕಾದರೆ ಆ ಉದ್ದವನ್ನು ಪ್ಯಾನೆಲ್ ಕಡೆ ಇಡಿ, ಕಂಟ್ರೋಲರನ್ನು ಬ್ಯಾಟರಿಯ ಪಕ್ಕದಲ್ಲಿಡಿ. ನೂರು ವ್ಯಾಟ್‌ನ ಎರಡು ಪ್ಯಾನೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿ 36 ವೋಲ್ಟ್ ಮಾಡಿ ಎಂಪಿಪಿಟಿಗೆ ಕೊಟ್ಟರೆ ನಾಲ್ಕು ಎಂ.ಎಂ. ವೈರಿನಲ್ಲಿ ಹತ್ತು ಮೀಟರ್ ದೂರಕ್ಕೆ ನಷ್ಟ ಶೇಕಡಾ ಒಂದೂವರೆಯಷ್ಟೂ ಆಗದು. ಅಕ್ಕಪಕ್ಕ ಸಮಾಂತರವಾಗಿ ಜೋಡಿಸಿದರೆ ಅದೇ ವೈರಿನಲ್ಲಿ ಶೇಕಡಾ ಐದೂವರೆ.

ಫ್ಯೂಸ್ ವಿಷಯದಲ್ಲಿ ರಾಜಿ ಬೇಡ. ಬ್ಯಾಟರಿಯ ಪ್ಲಸ್ ತುದಿಯಿಂದ ಒಂದು ಗೇಣಿನೊಳಗೆ, ಎರಡೂವರೆ ಎಂ.ಎಂ. ವೈರಿಗೆ 15 ಆಂಪಿಯರ್ ಫ್ಯೂಸ್ ಇರಲೇಬೇಕು. ಫ್ರಿಜ್‌ನ ಹತ್ತಿರ ಹಾಕಿದರೆ ಪ್ರಯೋಜನವಿಲ್ಲ. ದಾರಿಯಲ್ಲಿ ವೈರು ಸವೆದು ಲೋಹಕ್ಕೆ ತಾಗಿದರೆ ಬೆಂಕಿ ಹೊತ್ತುವುದು ಫ್ಯೂಸ್‌ಗಿಂತ ಮುಂಚಿನ ಭಾಗದಲ್ಲಿ.

ಇನ್ನು ಇನ್ವರ್ಟರ್. 12 ವೋಲ್ಟ್ ಫ್ರಿಜ್‌ನ ಜೊತೆ ಮನೆಯ ಪ್ಲಗ್ಗೂ ಬಂದಿರುತ್ತದೆಂದು ಬ್ಯಾಟರಿಯನ್ನು 230ಕ್ಕೆ ಏರಿಸಿ ಅದನ್ನು ಮತ್ತೆ 12ಕ್ಕೆ ಇಳಿಸುವವರಿದ್ದಾರೆ. ಸುಮ್ಮನೆ ಆನ್ ಆಗಿ ಕೂತ ಇನ್ವರ್ಟರ್ 10ರಿಂದ 20 ವ್ಯಾಟ್ ತಿನ್ನಬಹುದು. ದಿನಕ್ಕೆ 240ರಿಂದ 480 ವ್ಯಾಟ್-ಗಂಟೆ, ಅಂದರೆ ಇನ್ನೊಂದು ಫ್ರಿಜ್ ಸಾಕಿದಂತೆ.

ಓಡುವವರು, ನಿಲ್ಲುವವರು

ಪ್ಯಾನೆಲ್ ಕೊಳ್ಳುವ ಮುನ್ನ ನಿಮ್ಮ ಪ್ರವಾಸ ಯಾವ ಬಗೆಯದು ಎಂದು ಯೋಚಿಸಿ. ಎಂಜಿನ್‌ನ ಆಲ್ಟರ್ನೇಟರ್‌ನಿಂದ ಎರಡನೇ ಬ್ಯಾಟರಿಗೆ ತುಂಬುವ 20 ಆಂಪಿಯರ್‌ನ ಡಿಸಿ-ಡಿಸಿ ಚಾರ್ಜರ್ ಗಂಟೆಗೆ 260 ವ್ಯಾಟ್-ಗಂಟೆ ಕೊಡುತ್ತದೆ. ಎರಡು ಗಂಟೆ ಓಡಿಸಿದರೆ ಒಂದು ದಿನದ ಫ್ರಿಜ್ ಆಯಿತು. ದಿನವೂ ಊರು ಬದಲಿಸುವವರಿಗೆ ಇದಿದ್ದರೆ ಪ್ಯಾನೆಲ್ ಬೇಕೆಂದೇ ಇಲ್ಲ. ಇಂದಿನ ಹಲವು ಕಾರುಗಳ ಆಲ್ಟರ್ನೇಟರ್ ಇಂಧನ ಉಳಿಸಲು ವೋಲ್ಟೇಜನ್ನು ಆಗಾಗ ತಗ್ಗಿಸುವುದರಿಂದ ಬರೀ ವೈರು ಎಳೆದು ಎರಡು ಬ್ಯಾಟರಿ ಕೂಡಿಸುವ ಹಳೆಯ ಉಪಾಯ ನಡೆಯುವುದಿಲ್ಲ, ಚಾರ್ಜರೇ ಬೇಕು. ಒಂದೇ ಕಡೆ ಮೂರು ನಾಲ್ಕು ದಿನ ಉಳಿಯುವವರಿಗೆ ಪ್ಯಾನೆಲ್ ನಿಜವಾಗಿ ಬೇಕು. ಉಳಿಯುವ ಜಾಗ ಕಾಡಿನ ಅಂಚಾದರೆ ಅರಣ್ಯ ಇಲಾಖೆಯ ಅನುಮತಿಯೂ ಬೇಕು.

ನಿಂತಲ್ಲಿ ಇನ್ನೊಂದು ಜಾಣತನವಿದೆ. ಮಧ್ಯಾಹ್ನ ಒಂದು ಗಂಟೆಗೆಲ್ಲ ಬ್ಯಾಟರಿ ತುಂಬಿ, ಆಮೇಲೆ ಬರುವ ಬಿಸಿಲು ವ್ಯರ್ಥವಾಗುತ್ತಿದ್ದರೆ ಆಗ ಫ್ರಿಜ್‌ನ ಹೊಂದಾಣಿಕೆಯನ್ನು 4ರಿಂದ 1 ಡಿಗ್ರಿಗೆ ಇಳಿಸಿ, ಸಂಜೆ ಮತ್ತೆ 4ಕ್ಕೆ ಏರಿಸಿ. ಒಳಗಿನ ನೀರು, ಹಾಲು ಎಲ್ಲ ತಂಪನ್ನು ಹಿಡಿದಿಟ್ಟು ರಾತ್ರಿ ಕಂಪ್ರೆಸರ್‌ಗೆ ಬಿಡುವು ಕೊಡುತ್ತವೆ. ಕರೆಂಟಿಲ್ಲದ ಊರುಗಳ ಆರೋಗ್ಯ ಕೇಂದ್ರಗಳಿಗಾಗಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿರುವ ನೇರ ಸೋಲಾರ್ ಲಸಿಕೆ ಫ್ರಿಜ್‌ಗಳು ಈ ತತ್ತ್ವದ ಮೇಲೆಯೇ ನಿಂತಿವೆ. ಅವುಗಳಲ್ಲಿ ಕಂಪ್ರೆಸರ್ ಓಡಿಸಲು ಬ್ಯಾಟರಿಯೇ ಇಲ್ಲ. ಹಗಲಲ್ಲಿ ಐಸು ಕಟ್ಟಿಸಿ ರಾತ್ರಿ ಆ ಐಸಿನಿಂದಲೇ ಲಸಿಕೆಯನ್ನು ಕಾಯುತ್ತವೆ. ಇನ್ಸುಲಿನ್ ಒಳಗಿದ್ದರೆ ಮಾತ್ರ ಈ ಇಳಿಸುವ ಆಟ ಬೇಡ. ಅದು 2ರಿಂದ 8 ಡಿಗ್ರಿಯ ನಡುವೆ ಇರಬೇಕು, ಹೆಪ್ಪುಗಟ್ಟಿದರೆ ಎಸೆಯಬೇಕಾಗುತ್ತದೆ. ಫ್ರಿಜ್‌ನ ಪರದೆಯ ಅಂಕಿಯನ್ನು ನಂಬದೆ ಔಷಧದ ಪಕ್ಕದಲ್ಲೇ ಬೇರೆಯೊಂದು ಥರ್ಮಾಮೀಟರ್ ಇಡಿ, ಐಸ್ ಬಾಟಲಿಗಳಿಂದ ದೂರವಿಡಿ.

ಮಲೆನಾಡಿನವರು ಈ ಪೆಟ್ಟಿಗೆಯನ್ನು ಪ್ರವಾಸಕ್ಕಿಂತ ಮಳೆಗಾಲಕ್ಕೆಂದು ವಿಚಾರಿಸುತ್ತಾರೆ. ತೀರ್ಥಹಳ್ಳಿ, ಶೃಂಗೇರಿ ಕಡೆ ಜುಲೈಯಲ್ಲಿ ಮರ ಬಿದ್ದು ಲೈನ್ ಹರಿದರೆ ಕರೆಂಟ್ ದಿನಗಟ್ಟಲೆ ಬರುವುದಿಲ್ಲ. ಕಷ್ಟವೆಂದರೆ ಕರೆಂಟ್ ಹೋಗುವ ಕಾಲದಲ್ಲೇ ಬಿಸಿಲೂ ಇರುವುದಿಲ್ಲ. ಜಡಿಮಳೆಯ ದಿನ 200 ವ್ಯಾಟ್ ಪ್ಯಾನೆಲ್ ನೂರು, ನೂರೈವತ್ತು ವ್ಯಾಟ್-ಗಂಟೆ ಕೊಟ್ಟರೆ ಹೆಚ್ಚು. ಅಂಥ ಮನೆಗೆ ನನ್ನ ಸಲಹೆ ಬೇರೆ. ಪ್ಯಾನೆಲ್‌ಗಿಂತ ಬ್ಯಾಟರಿಗೆ ಹೆಚ್ಚು ದುಡ್ಡು ಹಾಕಿ, ಕರೆಂಟ್ ಇದ್ದಾಗಲೆಲ್ಲ ಅದನ್ನು ತುಂಬಿಟ್ಟಿರಿ, ಪ್ಯಾನೆಲ್ ಒತ್ತಾಸೆಗಿರಲಿ. ಔಷಧಕ್ಕೆಂದೇ ಆದರೆ ಎಂಟು ಹತ್ತು ಲೀಟರಿನ ಪೆಟ್ಟಿಗೆ ಸಾಕು. ಮಳೆಗಾಲದ ತಂಪು ಹವೆಯಲ್ಲಿ ಅದು ತಿನ್ನುವುದೂ ಕಡಿಮೆ.

ಕೊನೆಯದಾಗಿ ಒಂದು ಕೋರಿಕೆ. ಎಲ್ಲ ಕೊಂಡು ಜೋಡಿಸಿದ ಮೇಲೆ ನೇರವಾಗಿ ಹಂಪಿಗೆ ಹೊರಡಬೇಡಿ. ಒಂದು ಶನಿವಾರ, ಭಾನುವಾರ ಪ್ಯಾನೆಲ್ಲನ್ನು ತಾರಸಿಯಲ್ಲಿಟ್ಟು, ಫ್ರಿಜ್‌ಗೆ ಪ್ರಯಾಣದಲ್ಲಿ ತುಂಬುವಷ್ಟೇ ಸಾಮಾನು ತುಂಬಿ, ಮನೆಯ ಪ್ಲಗ್ ಮುಟ್ಟದೆ ಎರಡು ರಾತ್ರಿ ಓಡಿಸಿ. ಶಂಟ್ ಮೀಟರ್‌ನಲ್ಲಿ ಸಂಜೆ ಆರಕ್ಕೂ ಬೆಳಗ್ಗೆ ಎಂಟಕ್ಕೂ ಅಂಕಿ ಬರೆದುಕೊಳ್ಳಿ. ಕಂಪ್ರೆಸರ್ ಓಡುತ್ತಿರುವಾಗ ಫ್ರಿಜ್‌ನ ಪ್ಲಗ್ಗಿನ ಬಳಿ ಮಲ್ಟಿಮೀಟರ್ ಹಿಡಿದು ಬ್ಯಾಟರಿಯ ವೋಲ್ಟೇಜಿನೊಡನೆ ಹೋಲಿಸಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ವೈರು ಬದಲಿಸಿ.